ಅನ್ನ ಇಳಿಯದವರ ಮನೆತನ

ನರ್ಸಿಂಗ್ ಓದು ಮುಗಿಸಿ ಕ್ಯಾನ್ಸರ್ ವಾರ್ಡಿಗೆ ಸೇರುವ ಹುಡುಗಿಯರಿಗೆ ಮೊದಲ ವಾರವೇ ಕೇಸ್ ಶೀಟ್ ತುಂಬುವುದನ್ನು ಕಲಿಸುತ್ತಾರೆ. ಹೆಸರು, ವಯಸ್ಸು, ಊರು, ಕಸುಬು, ಚಟಗಳು, ಹಿಂದೆ ಬಂದ ಕಾಯಿಲೆಗಳು. ಕೊನೆಗೆ ಒಂದು ಪ್ರಶ್ನೆ: ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತೇ? ಉತ್ತರ ಬರೆಯಲು ಒಂದೂವರೆ ಅಂಗುಲ ಜಾಗ ಬಿಟ್ಟಿರುತ್ತಾರೆ. ಆ ಪ್ರಶ್ನೆಯನ್ನು ನಾನು ಸಾವಿರಾರು ಜನರಿಗೆ ಕೇಳಿದ್ದೇನೆ. ಒಬ್ಬರಿಗೆ ಕೇಳಿದಾಗ ಮಾಡಿದ ತಪ್ಪನ್ನು ಸರಿಪಡಿಸಲು ಎರಡು ವರ್ಷ ಹಿಡಿಯಿತು. ಪೂರ್ತಿ ಸರಿಯಾಯಿತು ಎಂದೂ ಹೇಳಲಾರೆ. ಹುಡುಗಿಯರೇ, ನನಗೆ ಯಾವಾಗ ಬಡ್ತಿ ಬಂತು, ಬೀಳ್ಕೊಡುಗೆಯಲ್ಲಿ ಯಾರು ಏನು ಭಾಷಣ ಮಾಡಿದರು ಎಂಬುದರಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲ. ಈ ತಪ್ಪಿನ ಕಥೆಯಿಂದ ಆದೀತು.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ. ಜಯನಗರದ ಮೂರನೇ ಬ್ಲಾಕಿನಲ್ಲಿ ನಾವು ಬಾಡಿಗೆಗಿದ್ದೆವು. ಸೈಟುಗಳಿಗೆ ಕಲ್ಲು ನೆಟ್ಟಿದ್ದರೇ ಹೊರತು ಮನೆಗಳು ಇನ್ನೂ ಎದ್ದಿರಲಿಲ್ಲ. ಹಿತ್ತಲ ಬಾಗಿಲು ತೆಗೆದರೆ ರಾಗಿ ಹೊಲ ಕಾಣಿಸುತ್ತಿತ್ತು. ಬನಶಂಕರಿ ದೇವಸ್ಥಾನದಿಂದಾಚೆ ಬರೀ ಹಳ್ಳಿಗಳು. ಆ ಹಳ್ಳಿಗಳವರು ಬಸ್ ಸಿಗುವ ತನಕ ನಡೆದು, ಬಸ್ ಹತ್ತಿ, ಇಳಿದು, ಕೇಳಿಕೊಂಡು ಕೇಳಿಕೊಂಡು ನಮ್ಮ ಆಸ್ಪತ್ರೆಗೆ ಬರುತ್ತಿದ್ದರು.

ಅನ್ನನಾಳದ ಕ್ಯಾನ್ಸರ್ ಎಂಬ ಮಾತು ಅವರ ಬಾಯಲ್ಲಿ ಇರಲಿಲ್ಲ. ‘ಮುದ್ದೆ ಇಳೀತಿಲ್ಲ ನರ್ಸಮ್ಮ’ ಎನ್ನುತ್ತಿದ್ದರು. ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅನ್ನನಾಳದಲ್ಲಿ ಗಂಟು ಬೆಳೆಯುತ್ತಿದ್ದರೆ ಮೊದಲು ನಿಲ್ಲುವುದು ಮುದ್ದೆಯೇ. ಆಮೇಲೆ ಅನ್ನ, ಆಮೇಲೆ ಗಂಜಿ. ನೀರೂ ಇಳಿಯದೆ ಹೋದಾಗ ಆಸ್ಪತ್ರೆ ನೆನಪಾಗುತ್ತಿತ್ತು. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಉಳಿದಿರುತ್ತಿದ್ದುದು ಹೊಟ್ಟೆಗೆ ರಬ್ಬರ್ ಕೊಳವೆ ಹಾಕಿ ಆಲಿಕೆಯಲ್ಲಿ ಗಂಜಿ ಸುರಿಯುವುದಷ್ಟೇ.

ಪರೀಕ್ಷೆಯ ರೀತಿಯೇ ಬೇರೆ ಇತ್ತು. ಸುಣ್ಣದ ತಿಳಿಯಂತಿರುವ ಬೇರಿಯಂ ಕಲಸಿ ನಾನು ಲೋಟದಲ್ಲಿ ಕೊಡುತ್ತಿದ್ದೆ. ರೋಗಿ ಅದನ್ನು ಕುಡಿಯುವಾಗ ಎಕ್ಸ್-ರೇ ಪರದೆಯ ಮೇಲೆ ಅದು ಎಲ್ಲಿ ಸಣ್ಣದಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಡಾಕ್ಟರು ನೋಡಬೇಕು. ಆ ಪರದೆಯ ಬೆಳಕು ಎಷ್ಟು ಮಂಕೆಂದರೆ, ಕಣ್ಣು ಕತ್ತಲಿಗೆ ಹೊಂದಲೆಂದು ಡಾಕ್ಟರು ಇಪ್ಪತ್ತು ನಿಮಿಷ ಮೊದಲೇ ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದರು. ಹಳ್ಳಿಯವರು ಅದನ್ನು ನೋಡಿ ಹೆದರುತ್ತಿದ್ದರು. ಚಿಕಿತ್ಸೆ ಎಂದರೆ ಡೀಪ್ ಎಕ್ಸ್-ರೇ, ಗಂಟನ್ನು ಸುಡಲು ದಿನಾ ಎದೆಯ ಆಳಕ್ಕೆ ಬಿಡುವ ಕಿರಣ. ಎದೆಯ ಚರ್ಮ ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗುತ್ತಿತ್ತು. ಕೋಬಾಲ್ಟ್ ಯಂತ್ರ ಬಂದ ಮೇಲೆ ಚರ್ಮ ಉಳಿಯಿತು, ನೋವೂ ಕಡಿಮೆಯಾಯಿತು. ಆ ಬದಲಾವಣೆ ಕಣ್ಣಾರೆ ಕಂಡವಳು ನಾನು.

ನನ್ನ ಮೇಲಿನವರು ಡಾಕ್ಟರ್ ಮಾಧವಯ್ಯ. ಸಣ್ಣ ಆಳು, ದೊಡ್ಡ ಗಂಟಲು. ಕೇಸ್ ಶೀಟಿನಲ್ಲಿ ‘ಸುಮಾರು’ ಎಂಬ ಪದ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ನಾನೊಮ್ಮೆ ‘ಸುಮಾರು ನಾಲ್ಕು ತಿಂಗಳಿಂದ ನುಂಗಲು ಕಷ್ಟ’ ಎಂದು ಬರೆದಿದ್ದೆ.

“ಸುಮಾರು ಅಂದ್ರೆ ಏನಮ್ಮ ಲಲಿತಾ? ಯುಗಾದಿ ದಿನ ಒಬ್ಬಟ್ಟು ತಿಂದ್ನಾ ಇಲ್ವಾ? ಕೇಳಿದ್ಯಾ?”

“ಇಲ್ಲ ಸಾರ್.”

“ಹೋಗು, ಕೇಳ್ಕೊಂಡು ಬಾ. ತಿಂಗಳ ಲೆಕ್ಕ ಅವರಿಗೆ ಗೊತ್ತಿರಲ್ಲ. ಹಬ್ಬ ಗೊತ್ತಿರತ್ತೆ.”

ಹೋಗಿ ಕೇಳಿದೆ. ಯುಗಾದಿಗಲ್ಲ, ಅದಕ್ಕೂ ಮುಂಚೆ ಸಂಕ್ರಾಂತಿಗೇ ಆತನಿಗೆ ಅವರೆಕಾಳಿನ ಸಾರಿನಲ್ಲಿ ಮುದ್ದೆ ನಿಂತಿತ್ತು. ಅಂದಿನಿಂದ ನಾನು ಹಬ್ಬ ಹಿಡಿದೇ ಕೇಳುವುದನ್ನು ರೂಢಿ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ.

ಇಷ್ಟೆಲ್ಲ ಕಲಿತಿದ್ದೂ ತಪ್ಪು ಮಾಡಿದೆ.

ಚಿಕ್ಕಲಸಂದ್ರದ ಪಾಪಣ್ಣ ಎಂಬವರು ಬಂದರು. ಐವತ್ತೈದರ ಆಸುಪಾಸು, ಎತ್ತರದ ಮನುಷ್ಯ, ತಲೆಗೆ ಕೆಂಪು ಟವಲು. ಜೊತೆಗೆ ಹದಿನೆಂಟರ ಮಗಳು ಜಯಮ್ಮ. ಅಪ್ಪನಿಗೆ ಮಾತಾಡಿದರೆ ಕೆಮ್ಮು ಬರುತ್ತಿದ್ದುದರಿಂದ ಉತ್ತರಗಳನ್ನೆಲ್ಲ ಅವಳೇ ಕೊಡುತ್ತಿದ್ದಳು. ಆಗ ನಮಗೆ ಪ್ರತ್ಯೇಕ ಕೋಣೆ ಇರಲಿಲ್ಲ. ಕಾರಿಡಾರಿನಲ್ಲೇ ಮೇಜು, ಎದುರು ಉದ್ದದ ಬೆಂಚು, ಬೆಂಚಿನ ತುಂಬ ಜನ.

ಕೊನೆಯ ಪ್ರಶ್ನೆ ಕೇಳಿದೆ. ಜಯಮ್ಮ ಅಪ್ಪನ ಮುಖ ನೋಡಿದಳು. ಪಾಪಣ್ಣನೇ ಹೇಳಿದರು. “ನಮ್ ಅವ್ವಂಗೂ ಇಂಗೇ ಆಗಿತ್ತು ಕಣಮ್ಮ. ಅನ್ನ ಇಳೀದೆ ಓದ್ಲು. ನಮ್ ಅಕ್ಕ ಒಬ್ಳಿದ್ಲು, ಪುಟ್ಟೇನಹಳ್ಳಿಗೆ ಕೊಟ್ಟಿದ್ದೊ. ಅವ್ಳೂ ಗಂಟ್ಲು ಕಟ್ಟೇ ಓದ್ಲು.”

ನನಗೆ ಅವತ್ತು ಆತುರ. ಬೆಂಚಿನ ಮೇಲೆ ಇನ್ನೂ ಹದಿನೈದು ಜನ ಇದ್ದರು. ಬರೆಯುತ್ತ ಬರೆಯುತ್ತ, ಬಾಯಿಗೆ ಬಂದದ್ದನ್ನು ಜೋರಾಗಿ ಅಂದುಬಿಟ್ಟೆ. “ಓ, ಹಾಗಾದ್ರೆ ಇದು ನಿಮ್ಮ ಮನೆತನದಲ್ಲೇ ಇದೆ.”

ಅಷ್ಟೇ. ಅದಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ. ಜಯಮ್ಮ ಬೆಂಚಿನ ಕಡೆ ತಿರುಗಿ ನೋಡಿದ್ದು ನೆನಪಿದೆ. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಬೇರಿಯಂ ಪರೀಕ್ಷೆ ಆಯಿತು, ಗಂಟು ಕಾಣಿಸಿತು. ಡೀಪ್ ಎಕ್ಸ್-ರೇ ಶುರುವಾಯಿತು. ಏಳು ದಿನ ತಪ್ಪದೆ ಬಂದರು. ಎಂಟನೇ ದಿನ ಬರಲಿಲ್ಲ. ಒಂಬತ್ತು, ಹತ್ತು, ಇಲ್ಲ. ಮಧ್ಯೆ ನಿಲ್ಲಿಸಿದರೆ ಆ ಚಿಕಿತ್ಸೆ ಇದ್ದೂ ಇಲ್ಲದಂತೆ. ಡಾಕ್ಟರ್ ಮಾಧವಯ್ಯ ನನ್ನನ್ನು ಕರೆದರು.

“ಯಾಕೆ ಬರ್ತಿಲ್ಲ ಆತ?”

“ಗೊತ್ತಿಲ್ಲ ಸಾರ್.”

“ನಿಮ್ಮ ಮನೆಯಿಂದ ಚಿಕ್ಕಲಸಂದ್ರ ಎಷ್ಟು ದೂರ? ಹೋಗಿ ನೋಡು.”

ಭಾನುವಾರ ಬೆಳಿಗ್ಗೆ ಬನಶಂಕರಿ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಗಾಡಿಜಾಡು ಹಿಡಿದು ನಡೆದೆ. ಪಾಪಣ್ಣನ ಮನೆ ಕೇಳಿದಾಗ ಬಾವಿಕಟ್ಟೆಯ ಹತ್ತಿರ ಇದ್ದ ಹೆಂಗಸೊಬ್ಬಳು, “ಆ ಗಂಟ್ಲು ರೋಗದೋರ ಮನೆನಾ?” ಎಂದಳು. ಅವಳು ಕೈ ತೋರಿಸಿದ ಕಡೆ ನಡೆದೆ.

ಪಾಪಣ್ಣನ ಹೆಂಡತಿ ಗೌರಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಮೊರ ಕೆಳಗಿಟ್ಟರು.

“ನೀನೇನಾ ಆ ನರ್ಸಮ್ಮ? ನಮ್ ಮಗೀಗೆ ಸುದ್ದಗುಂಟೆಪಾಳ್ಯದಾಗೆ ಗಂಡು ಗೊತ್ತಾಗಿತ್ತು. ವೀಳ್ಯ ಬದ್ಲಾಯ್ಸಿದ್ದೊ. ಆವತ್ತು ನಿನ್ ಎದುರ್ಗೇ ಬೆಂಚ್ ಮ್ಯಾಲೆ ಆ ಗಂಡಿನ ಸೋದ್ರತ್ತೆ ಕೂತಿದ್ಲು. ನೀನಂದಿದ್ದು ಕೇಳುಸ್ಕೊಂಡು ಓಗಿ ಊರೆಲ್ಲ ಸಾರಿದ್ಲು. ಹತ್ ದಿನಕ್ಕೆ ಆ ಮನೆಯೋರು ಬಂದು ವೀಳ್ಯ ವಾಪಸ್ ಕೊಟ್ಟೋದ್ರು. ಮನೆತನದಾಗೆ ಐತಂತೆ, ಉಡ್ಗೀಗೂ ಬತ್ತದಂತೆ, ಅವ್ಳ್ ಮಕ್ಳಿಗೂ ಬತ್ತದಂತೆ. ನೀನೇ ತಾನೆ ಏಳಿದ್ದು?”

ಒಳಗಿನಿಂದ ಪಾಪಣ್ಣ ಬಂದು ಕಂಬಕ್ಕೆ ಒರಗಿ ನಿಂತರು. “ಬಿಡೇ. ಅವ್ರೇನ್ ಬೇಕಂತ ಅಂದ್ರಾ? ನಾನ್ ಇನ್ ಬರಲ್ಲ ತಾಯಿ. ನಾನ್ ಆಸ್ಪತ್ರೆಗ್ ತಿರುಗ್ದಷ್ಟೂ ಜನ ಮಾತಾಡ್ತಾರೆ.”

“ನಾನು ತಪ್ಪು ಮಾಡಿದೆ,” ಎಂದೆ. “ತಿಳೀದೆ ಇರೋದನ್ನ ತಿಳಿದೋರ ಥರ ಅಂದೆ. ಅದು ಮನೆತನದ ಕಾಯಿಲೆ ಹೌದೋ ಅಲ್ವೋ ನಾನು ತಿಳ್ಕೊಂಡು ಬರ್ತೀನಿ. ಏನು ಗೊತ್ತಾಗತ್ತೋ ಅದನ್ನ ಸುದ್ದಗುಂಟೆಪಾಳ್ಯಕ್ಕೆ ನಾನೇ ಹೋಗಿ ಹೇಳ್ತೀನಿ. ಆದ್ರೆ ನೀವು ನಾಳೆ ಬರ್ಬೇಕು.”

ಗೌರಮ್ಮ ನಂಬಲಿಲ್ಲ. ಆದರೆ ಜಯಮ್ಮ ಒಳಗಿನಿಂದಲೇ, “ಅಪ್ಪ ನಾಳೆ ಬರುತ್ತೆ, ನಾನು ಕರ್ಕೊಂಡ್ ಬತ್ತೀನಿ,” ಎಂದಳು. ಮಾರನೇ ದಿನ ಬಂದರು.

ನಾನು ಡಾಕ್ಟರ ಹತ್ತಿರ ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಪ್ರಶ್ನೆ ಕೇಳಿದರು.

“ಈ ಕಾಯಿಲೆ ವಂಶದಲ್ಲಿ ಬರತ್ತೆ ಅಂತ ನಿನಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಸಾರ್. ಮೂರು ಜನ ಅಂದ್ರಲ್ಲ, ಅದಕ್ಕೆ...”

“ಮೂರು ಜನಕ್ಕೆ ಬಂದಿದೆ ಅಂದೆ. ಎಷ್ಟು ಜನಕ್ಕೆ ಬಂದಿಲ್ಲ?”

ಅದನ್ನು ನಾನು ಕೇಳಿರಲೇ ಇಲ್ಲ. ನಮ್ಮ ಶೀಟಿನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

“ಬಂದವರಷ್ಟೇ ಅಲ್ಲಮ್ಮ, ಬರದೇ ಇರೋರನ್ನೂ ಬರೀಬೇಕು. ಬಂದವರಿಗೂ ನಿಜವಾಗಿ ಇದೇ ಬಂತಾ ಅಂತ ನೋಡ್ಬೇಕು. ಒಂದು ಮನೇಲಿ ಇದ್ದವರಿಗೆ ರಕ್ತ ಒಂದೇ ಇರತ್ತೆ, ಸರಿ. ಒಲೆಯೂ ಒಂದೇ ಇರತ್ತೆ. ಎಲೆ ಅಡಿಕೆ ತಟ್ಟೆಯೂ ಒಂದೇ. ಯಾವುದರಿಂದ ಬಂತು ಅಂತ ಹೇಗೆ ಹೇಳ್ತೀಯ?” ಆಮೇಲೆ ಏನೋ ಜ್ಞಾಪಿಸಿಕೊಂಡು, “ಇನ್ನೊಂದು. ವಿಲಾಯಿತಿ ಪತ್ರಿಕೇಲಿ ಓದಿದೆ. ಅಲ್ಲಿ ಕೆಲವು ಮನೆತನಗಳಲ್ಲಿ ಅಂಗೈ, ಅಂಗಾಲಿನ ಚರ್ಮ ದಪ್ಪಗಾಗತ್ತಂತೆ. ಅಂಥವರಲ್ಲಿ ಈ ಕಾಯಿಲೆ ನಿಜವಾಗಿ ವಂಶದಲ್ಲೇ ಇಳಿಯತ್ತಂತೆ. ತೀರಾ ಅಪರೂಪ. ಆದ್ರೂ ಕೈ ಕಾಲು ನೋಡ್ಕೊಂಡು ಬಾ,” ಎಂದರು.

ಹೀಗೆ ನನ್ನ ಭಾನುವಾರಗಳು ಚಿಕ್ಕಲಸಂದ್ರದ ಪಾಲಾದವು. ನಮ್ಮ ತಾಯಿ, “ವಾರಕ್ಕೊಂದು ರಜ, ಅದೂ ಬೇರೆಯವರ ಮನೆ ಹೊಸಲು ತುಳಿಯೋಕೆ,” ಎಂದು ಗೊಣಗುತ್ತಿದ್ದರು. ಎಕ್ಸ್-ರೇ ಫಿಲ್ಮು ಸುತ್ತಿ ಬರುತ್ತಿದ್ದ ಕಂದು ಕಾಗದವನ್ನು ಹರಡಿ, ಅದರ ಮೇಲೆ ಪಾಪಣ್ಣನ ಅವ್ವ ಹನುಮಕ್ಕನಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಎಲ್ಲರ ಹೆಸರು ಬರೆದೆ.

ಮೊದಲನೇ ಭಾನುವಾರವೇ ಹೆದರಿಕೊಂಡೆ. ಪಾಪಣ್ಣನ ಅಂಗೈ ಮುಟ್ಟಿದರೆ ಹಲಗೆಯ ಹಾಗಿತ್ತು. ಅವರ ತಮ್ಮ ತಿಮ್ಮಣ್ಣನದೂ ಹಾಗೇ. ಗೌರಮ್ಮನ ಅಂಗಾಲಂತೂ ಕೇಳಬೇಡಿ. ಓಡಿಬಂದು ಡಾಕ್ಟರಿಗೆ ಹೇಳಿದೆ. ಅವರು ನಕ್ಕುಬಿಟ್ಟರು.

“ಗೌರಮ್ಮ ಆ ವಂಶದ ರಕ್ತವೇ ಅಲ್ವಲ್ಲಮ್ಮ. ಅದು ನೇಗಿಲು ಹಿಡಿದ ಕೈ, ಬರಿಗಾಲಲ್ಲಿ ನಡೆದ ಕಾಲು. ಮೇಣಿ ಹಿಡಿಯೋ ಜಾಗದಲ್ಲಿ ಮಾತ್ರ ಗಟ್ಟಿಯಿದ್ಯೋ, ಇಡೀ ಅಂಗೈ ದಪ್ಪವೋ? ಕೆಲಸ ಮಾಡದೇ ಇರೋ ಮಕ್ಕಳ ಕೈ ನೋಡಿದ್ಯಾ?”

ಮುಂದಿನ ವಾರ ಮಕ್ಕಳನ್ನು ಸಾಲಾಗಿ ಕೂರಿಸಿ ನೋಡಿದೆ. ಎಲ್ಲರದೂ ಬೆಣ್ಣೆಯಂಥ ಅಂಗೈ. ಜಯಮ್ಮನದನ್ನೂ ನೋಡಿದೆ. ಅವಳು ಕೈ ಚಾಚಿ, “ಪಾಸಾ ನರ್ಸಮ್ಮ?” ಎಂದಳು. ನಗುತ್ತಲೇ ಕೇಳಿದಳು. ಆದರೂ ನನಗೆ ನಾಚಿಕೆಯಾಯಿತು.

ಮೂರನೇ ಭಾನುವಾರ ಪುಟ್ಟೇನಹಳ್ಳಿಗೆ ಹೋದೆ. ಪಾಪಣ್ಣನ ಅಕ್ಕ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಆಕೆಯ ಗಂಡ ಕೆರೆಯ ಏರಿಯ ಕೆಳಗೆ ಸೊಪ್ಪಿನ ಮಡಿಗೆ ನೀರು ಕಟ್ಟುತ್ತಿದ್ದ. ಏರಿಯ ಮೇಲೆ ಕೂತು ಕೇಳಿದೆ.

“ನಿಮ್ಮ ಹೆಂಡತೀಗೆ ಎಷ್ಟು ದಿನದಿಂದ ಅನ್ನ ಇಳೀತಿರಲಿಲ್ಲ?”

“ಎಷ್ಟ್ ದಿನ ಎಲ್ಲಮ್ಮ, ಎಲ್ಡೇ ದಿನ.”

“ಎರಡೇ ದಿನವಾ?”

“ಊಂ. ಬಾಯೇ ತೆಗೀಲಿಲ್ಲ. ದವಡೆ ಕಚ್ಕೊಂಡ್ ಬಿಡ್ತು. ಮೈಯೆಲ್ಲ ಬಿಲ್ಲಿನಂಗೆ ಬಗ್ತಿತ್ತು. ನೀರ್ ಬಿಟ್ರೂ ಒಳ್ಗೆ ಓಗ್ಲಿಲ್ಲ.”

“ಅದಕ್ಕೆ ಮುಂಚೆ ಏನಾದ್ರೂ ಗಾಯ ಆಗಿತ್ತಾ?”

ಆತ ಯೋಚಿಸಿದ. “ಗೊಬ್ರದ ಗುಂಡಿತಾವ ಕಾಲಿಗೆ ಮೊಳೆ ಚುಚ್ಚಿತ್ತು. ವಾರ ಹತ್ದಿನ ಆಗಿತ್ತೇನೋ. ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?”

ಎಲ್ಲ ಸಂಬಂಧವೂ ಇತ್ತು. ಅದು ಧನುರ್ವಾಯು. ಗಂಟಲು ಕಟ್ಟಿ ಸತ್ತಳು ಎಂಬ ಒಂದು ಮಾತಿನಿಂದ, ಮೊಳೆ ಚುಚ್ಚಿ ಸತ್ತವಳನ್ನು ನಾನು ಅನ್ನನಾಳದ ಕ್ಯಾನ್ಸರಿನ ಪಟ್ಟಿಗೆ ಸೇರಿಸಿ, ಅದರ ಮೇಲೆ ಒಂದು ಮನೆತನಕ್ಕೆ ಹೆಸರಿಟ್ಟಿದ್ದೆ. ಏರಿಯ ಮೇಲೇ ಕೂತು ಕಂದು ಕಾಗದದಲ್ಲಿ ಆಕೆಯ ಹೆಸರಿನ ಮುಂದಿನ ಗುರುತನ್ನು ಹೊಡೆದುಹಾಕಿದೆ. ಆತನಿಗೆ ಹೇಗೆ ಸತ್ತಳೆಂದು ವಿವರಿಸಿದೆ. ಅವನು, “ಅಂಗಾದ್ರೆ ನನ್ ಮಕ್ಳಿಗೆ ಬರಲ್ವಾ?” ಎಂದು ಕೇಳಿದ. ಹನ್ನೆರಡು ವರ್ಷ ಅವನೂ ಅದೇ ಭಯ ಹೊತ್ತುಕೊಂಡಿದ್ದ.

ಇನ್ನೊಂದು ಸಂಗತಿ ಹೊರಬಿದ್ದದ್ದು ಗೌರಮ್ಮನಿಂದ. ಅಷ್ಟು ಹೊತ್ತಿಗೆ ಅವರು ನನಗೆ ಮಜ್ಜಿಗೆ ಕೊಡುವಷ್ಟು ಬಿಗಿ ಬಿಟ್ಟಿದ್ದರು. ಹನುಮಕ್ಕನ ವಾರಗಿತ್ತಿ ಸಾಕಮ್ಮ ಎಂಬವಳಿದ್ದಳು. ಹೊಸೂರು ಕಡೆಯಿಂದ ಸೊಸೆಯಾಗಿ ಬಂದವಳು, ಈ ವಂಶದ ರಕ್ತವಲ್ಲ. ಅವಳೂ ಮೊದಲು ಮುದ್ದೆ ನಿಂತು, ಆಮೇಲೆ ಅನ್ನ ನಿಂತು, ಆರೇಳು ತಿಂಗಳಲ್ಲಿ ಸತ್ತಳು. ಬೇರೆ ಮನೆಯಿಂದ ಬಂದವಳೆಂದು ಯಾರೂ ಅವಳನ್ನು ಮನೆತನದ ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಇಬ್ರೂ ಒಂದೇ ಚೀಲದಾಗೆ ಕೈ ಆಕೋರು,” ಎಂದರು ಗೌರಮ್ಮ. “ಎಲೆ, ಅಡಿಕೆ, ಸುಣ್ಣ, ಒಗೆಸೊಪ್ಪು. ಬಾಯಾಗೆ ಇಟ್ಕೊಂಡೇ ಮಲಗೋರು, ಎದ್ ತಕ್ಷಣ ಮತ್ತೊಂದು. ನಮ್ಮೆಜಮಾನ್ರೂ ಅವ್ರವ್ವನ ತೊಡೆ ಮ್ಯಾಲೆ ಕೂತೇ ಕಲ್ತಿದ್ದು.”

ಪಾಪಣ್ಣನ ದೊಡ್ಡ ತಮ್ಮ ಚಿಕ್ಕಂದಿನಲ್ಲೇ ರೈಲ್ವೆ ಕೆಲಸಕ್ಕೆ ಸೇರಿ ಅರಸೀಕೆರೆಗೆ ಹೋದವರು. ಅವರಿಗೆ ಕಾಗದ ಬರೆದೆ. ‘ನಾನು ಚೆನ್ನಾಗಿದ್ದೇನೆ, ಹೊಗೆಸೊಪ್ಪಿನ ಅಭ್ಯಾಸವಿಲ್ಲ, ತಲೆ ಸುತ್ತುತ್ತದೆ’ ಎಂದು ಉತ್ತರ ಬಂತು. ಹನುಮಕ್ಕನ ತಂಗಿಯರಿಬ್ಬರು ಎಪ್ಪತ್ತು ದಾಟಿ ಗಟ್ಟಿಯಾಗಿದ್ದರು. ಅವರಿಗೂ ಆ ಅಭ್ಯಾಸ ಇರಲಿಲ್ಲ.

ನನಗೆ ಗೆದ್ದಷ್ಟು ಸಂತೋಷವಾಯಿತು. ಮುಂದಿನ ಭಾನುವಾರ ಇದನ್ನೆಲ್ಲ ಹೇಳಲು ಹೋದೆ. ಊಟದ ಹೊತ್ತು, ಬಿಡಲಿಲ್ಲ. ಗಂಡಸರ ಸಾಲಿನ ಕೊನೆಗೆ ಪಾಪಣ್ಣನ ಕಿರಿಯ ತಮ್ಮ ತಿಮ್ಮಣ್ಣ ಕೂತಿದ್ದ. ನಲವತ್ತೆರಡರ ಗಟ್ಟಿ ಮನುಷ್ಯ, ಮಾತಿಗೊಮ್ಮೆ ನಗುತ್ತಿದ್ದವನು. ಎಲ್ಲರೂ ಮುದ್ದೆಯನ್ನು ನಿಂಬೆಗಾತ್ರ ಮುರಿದು ನುಂಗುತ್ತಿದ್ದರೆ, ಅವನು ಕಡಲೆಗಾತ್ರ ಮುರಿಯುತ್ತಿದ್ದ. ಪ್ರತಿ ತುತ್ತಿಗೂ ಒಂದು ಗುಟುಕು ನೀರು. ಕಾಲು ಮುದ್ದೆಗೆ ಕೈ ತೊಳೆದು ಎದ್ದುಹೋದ.

ನಾನು ಹಿಂದೆಯೇ ಎದ್ದೆ. ಹಿತ್ತಲ ಹುಲ್ಲುಬಣವೆಯ ಹತ್ತಿರ ನಿಂತಿದ್ದ.

“ಎಷ್ಟು ದಿನದಿಂದ ತಿಮ್ಮಣ್ಣ?”

“ಏನ್ ನರ್ಸಮ್ಮ?”

“ನನ್ನ ಹತ್ರ ಮುಚ್ಚಿಡೋದು ಬೇಡ. ಗೌರಿ ಹಬ್ಬಕ್ಕೆ ಸರಿಯಾಗಿ ಊಟ ಮಾಡಿದ್ರಾ?”

ಅವನು ನೆಲ ನೋಡಿದ. “ಗೌರಿ ಅಬ್ಬಕ್ಕೆ ಎಲ್ಲ ಇಳೀತಿತ್ತು. ದೀಪಾವಳಿ ಈಚೆಗೆ ಎದೆತಾವ ನಿಂತಂಗಾಗ್ತದೆ.” ಆಮೇಲೆ ತಲೆಯೆತ್ತಿ, “ಯಾರ್ಗೂ ಏಳ್ಬೇಡ ತಾಯಿ, ಕೈ ಮುಗೀತೀನಿ. ಅಣ್ಣಂದೊಂದಕ್ಕೇ ಆ ಮಗೀನ್ ಮದ್ವೆ ಮುರೀತು. ನಾನೂ ಬಂದು ಆಸ್ಪತ್ರೆ ಬೆಂಚ್ ಮ್ಯಾಲೆ ಕೂತ್ರೆ ಅವ್ಳಿಗೆ ಯಾವ ಗಂಡೂ ಬರಲ್ಲ. ಅವ್ಳ ಮದ್ವೆ ಆಗ್ಲಿ. ಆಮೇಲ್ ಬತ್ತೀನಿ,” ಎಂದ.

ಹುಡುಗಿಯರೇ, ಮೂರು ಜನ ಎಂದಿದ್ದವರಲ್ಲಿ ಒಬ್ಬಳನ್ನು ಹೊಡೆದುಹಾಕಿ ಬೀಗುತ್ತಿದ್ದೆ. ಈಗ ಇನ್ನೊಬ್ಬ ಸೇರುತ್ತಿದ್ದ, ಅದೂ ಒಡಹುಟ್ಟಿದವನು. ತಿಮ್ಮಣ್ಣ ಆಸ್ಪತ್ರೆಗೆ ಬಂದರೆ ಸುದ್ದಗುಂಟೆಪಾಳ್ಯದವರ ಮುಂದೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಬರದಿದ್ದರೆ ನನ್ನ ಮಾತು ನಿಲ್ಲುತ್ತದೆ, ಅವನು ಸಾಯುತ್ತಾನೆ. ಒಂದು ಕ್ಷಣ ಆ ಎರಡನ್ನೂ ತೂಗಿ ನೋಡಿದೆ ಎಂಬುದನ್ನು ಇಂದಿಗೂ ಮರೆತಿಲ್ಲ. ಒಂದೇ ಕ್ಷಣ, ಆದರೂ ತೂಗಿದೆ.

“ಇವತ್ತು ಕಡಲೆಯಷ್ಟಾದ್ರೂ ಇಳೀತಿದೆ,” ಎಂದೆ. “ನಿಮ್ಮ ಅಣ್ಣ ಬಂದಾಗ ಗಂಜಿ ಮಾತ್ರ ಇಳೀತಿತ್ತು. ಅಷ್ಟೇ ವ್ಯತ್ಯಾಸ, ಆದ್ರೆ ಅದೇ ದೊಡ್ಡದು. ನಾಳೆ ಬೆಳಿಗ್ಗೆ ನೀವು ಬರ್ಬೇಕು. ಬರ್ಲಿಲ್ಲ ಅಂದ್ರೆ ನಾನು ಡ್ಯೂಟಿ ಬಿಟ್ಟು ಇಲ್ಲಿಗೆ ಬಂದು ಈ ಜಗಲಿ ಮೇಲೆ ಕೂತ್ಕೋತೀನಿ.”

ಅವನು ಮತ್ತೆ ಜಯಮ್ಮನ ಹೆಸರೆತ್ತಿದ. ಅಷ್ಟರಲ್ಲಿ ಅವಳೇ ದನದ ಕೊಟ್ಟಿಗೆಯಿಂದ ಹೊರಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

“ನನ್ ಮದ್ವೆಗೋಸ್ಕರ ನೀನ್ ಸಾಯ್ತೀಯಾ ಚಿಕ್ಕಪ್ಪ? ನಿನ್ನ ಸಾಯ್ಸಿ ನಾನ್ ಯಾರ್ ಮನೆಗ್ ಓಗಿ ಬಾಳಾಟ ಮಾಡ್ಲಿ? ನಾಳೆ ನಡಿ.”

ತಿಮ್ಮಣ್ಣ ಬಂದ. ಬೇರಿಯಂ ಪರೀಕ್ಷೆಯಲ್ಲಿ ಬೆರಳ ಗೆಣ್ಣಿನಷ್ಟು ಉದ್ದದ ಜಾಗ ಮಾತ್ರ ಒರಟಾಗಿ ಕಾಣಿಸಿತು. ಕೆಂಪು ಕನ್ನಡಕವನ್ನು ಹಣೆಗೇರಿಸಿಕೊಂಡು ಡಾಕ್ಟರ್ ಮಾಧವಯ್ಯ ಹೊರಗೆ ಬಂದು, “ಇಷ್ಟು ಮುಂಚೆ ಬಂದಿರೋ ಕೇಸು ನಾನು ಈ ವರ್ಷ ನೋಡಿಲ್ಲ,” ಎಂದರು. ಅಣ್ಣ ತಮ್ಮ ಇಬ್ಬರಿಗೂ ಕೆಲವು ದಿನ ಒಟ್ಟಿಗೇ ಚಿಕಿತ್ಸೆ ನಡೆಯಿತು. ಇಬ್ಬರ ಎಲೆಚೀಲಗಳನ್ನೂ ಜಯಮ್ಮ ಮೊದಲ ದಿನವೇ ಒಲೆಗೆ ಹಾಕಿದ್ದಳು.

ಕಂದು ಕಾಗದವನ್ನು ಡಾಕ್ಟರ ಮೇಜಿನ ಮೇಲೆ ಹರಡಿದೆ. ಅವರು ಅರ್ಧ ಗಂಟೆ ನೋಡಿದರು. “ಈ ಮನೇಲಿ ಕಾಯಿಲೆ ಬಂದ ನಾಲ್ಕೂ ಜನ ಹೊಗೆಸೊಪ್ಪು ಹಾಕೋರೇ. ಅದರಲ್ಲಿ ಒಬ್ಬಳು ರಕ್ತಸಂಬಂಧವೇ ಅಲ್ಲ. ಹಾಕದೇ ಇರೋ ರಕ್ತಸಂಬಂಧಿಗಳಲ್ಲಿ ಯಾರಿಗೂ ಬಂದಿಲ್ಲ. ಅಂಗೈ ಸರಿಯಾಗಿವೆ. ನನ್ನ ಅಭಿಪ್ರಾಯ ಕೇಳಿದ್ರೆ, ಇವರಿಗೆ ಅಜ್ಜಿಯಿಂದ ಬಂದಿದ್ದು ರಕ್ತ ಅಲ್ಲ, ಅಭ್ಯಾಸ. ಆದ್ರೆ ಒಂದು ಮನೆ ನೋಡಿ ಲೋಕಕ್ಕೆಲ್ಲ ಹೇಳೋಕ್ಕಾಗಲ್ಲ. ರಕ್ತದ್ದೂ ಒಂದು ಪಾಲು ಇರಬಹುದೇನೋ, ಇಲ್ಲ ಅಂತ ನಾನು ಬರ್ಕೊಡಲ್ಲ. ಎಷ್ಟು ಗೊತ್ತೋ ಅಷ್ಟೇ ಹೇಳು. ಒಂದು ಕೂದಲೆಳೆ ಹೆಚ್ಚಿಗೆ ಹೇಳ್ಬೇಡ.”

ಅಷ್ಟೇ ಹೇಳಲು ಸುದ್ದಗುಂಟೆಪಾಳ್ಯಕ್ಕೆ ಹೋದೆ. ಗಂಡಿನ ಅಪ್ಪ ಜಗಲಿಯ ಮೇಲೆ ಚಾಪೆ ಹಾಸಿ ಮರ್ಯಾದೆಯಿಂದಲೇ ಕೂರಿಸಿದರು. ಅವರ ತಾಯಿ ಬಾಗಿಲ ಬಳಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಪುಟ್ಟೇನಹಳ್ಳಿಯ ಮೊಳೆಯ ಕಥೆ, ಹೊಸೂರಿನ ಸಾಕಮ್ಮನ ಕಥೆ, ಅರಸೀಕೆರೆಯ ಕಾಗದ ಎಲ್ಲ ಹೇಳಿದೆ. ತಿಮ್ಮಣ್ಣನ ವಿಷಯವನ್ನೂ ಬಚ್ಚಿಡಲಿಲ್ಲ. ಅದಕ್ಕೆ ತಿಮ್ಮಣ್ಣನೇ ಒಪ್ಪಿ ಕಳಿಸಿದ್ದ.

“ಅಂಗಾದ್ರೆ ಉಡ್ಗೀಗೆ ಬರಲ್ಲ ಅಂತ ಗ್ಯಾರಂಟಿ ಕೊಡ್ತೀರಾ ಮೇಡಂ?” ಎಂದರು ಗಂಡಿನ ಅಪ್ಪ.

“ನಿಮಗೆ ಬರಲ್ಲ ಅಂತಾನೂ ನನಗೆ ಗ್ಯಾರಂಟಿ ಕೊಡೋಕ್ಕಾಗಲ್ಲ,” ಎಂದೆ. “ಆ ಹುಡುಗಿ ಹೊಗೆಸೊಪ್ಪು ಮುಟ್ಟಲ್ಲ. ನಿಮ್ಮ ಮನೇಲಿ ಮುಟ್ಟೋರು ಇದಾರೆ. ನನಗೆ ಭಯ ಇರೋದು ಆ ಹುಡುಗಿ ಬಗ್ಗೆ ಅಲ್ಲ.”

ಬಾಗಿಲ ಬಳಿಯ ಮುದುಕಿ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಗಂಡಿನ ಅಪ್ಪ ಯೋಚಿಸಿ, “ದೊಡ್ಡ ಡಾಕ್ಟ್ರು ಒಂದು ಸರ್ಟಿಫಿಕೇಟ್ ಬರ್ಕೊಟ್ರೆ ನೋಡಣ,” ಎಂದರು.

ನನಗೆ ಅದೇ ದೊಡ್ಡ ಜಯವೆನಿಸಿತು. ಜಯಮ್ಮನಿಗೆ ಓಡಿಹೋಗಿ ಹೇಳಿದೆ. ತಿಳಿದಷ್ಟನ್ನು ಬರೆದುಕೊಡಲು ಡಾಕ್ಟರನ್ನು ಒಪ್ಪಿಸುತ್ತೇನೆ ಎಂದೆ. ಅವಳು ಬಟ್ಟೆ ಹಿಂಡುತ್ತಿದ್ದವಳು ನಿಲ್ಲಿಸಲೂ ಇಲ್ಲ.

“ಬ್ಯಾಡ ನರ್ಸಮ್ಮ. ನೀವು ಬಂದು ಅಷ್ಟೆಲ್ಲ ಓಡಾಡಿದ್ರಿ, ನಂಗೆ ಗೊತ್ತು. ಆದ್ರೆ ನಮ್ ಅಪ್ಪ ಕಾಯಿಲೆ ಬಿದ್ದೈತೆ, ಕಳ್ತನ ಮಾಡಿಲ್ಲ. ಅದಕ್ ನಾನ್ ಯಾಕೆ ಚೀಟಿ ತಕ್ಕೊಂಡ್ ಓಗ್ಲಿ? ನಾಳೆ ಆ ಮನೇಲ್ ನಂಗೊಂದ್ ಕೆಮ್ಮು ಬಂದ್ರೂ ಚೀಟಿ ತೆಗೆದು ನೋಡ್ತಾರೆ.”

ಆ ಸಂಬಂಧ ಅಲ್ಲಿಗೆ ಮುಗಿಯಿತು. ನನ್ನ ಮಾತು ಮುರಿದದ್ದನ್ನು ನನ್ನ ಕೈಯಲ್ಲಿ ಕೂಡಿಸಲಾಗಲಿಲ್ಲ.

ಪಾಪಣ್ಣ ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ಚಿಕಿತ್ಸೆಯಿಂದ ಐದಾರು ತಿಂಗಳು ಅನ್ನ ಇಳಿಯಿತು, ಅಷ್ಟು ಮಾತ್ರ ಆಯಿತು. ತಿಮ್ಮಣ್ಣನದು ಹಾಗಾಗಲಿಲ್ಲ. ಆ ಕಾಯಿಲೆಯಲ್ಲಿ ಬದುಕುಳಿದವರು ನನ್ನ ಇಡೀ ನೌಕರಿಯಲ್ಲಿ ಬೆರಳೆಣಿಕೆಯಷ್ಟು. ಅವನು ಅವರಲ್ಲೊಬ್ಬ. ಮೊದಲ ವರ್ಷ ದಾಟಿತು, ಎರಡನೆಯದೂ ದಾಟಿತು. ಆ ಎರಡನೇ ವರ್ಷವೇ ಜಯಮ್ಮನ ಮದುವೆಯೂ ಆಯಿತು. ನಮ್ಮ ವಾರ್ಡಿನಲ್ಲಿ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಗಿರಣಿ ಕೆಲಸಗಾರನೊಬ್ಬ, ಅವಳು ಅಪ್ಪನಿಗೆ ಗಂಜಿ ಕುಡಿಸುವುದನ್ನು ತಿಂಗಳುಗಟ್ಟಲೆ ನೋಡಿದ್ದವನು, ತಾನಾಗಿ ಬಂದು ಕೇಳಿದ. ಯಾರ ಮನೆಯಲ್ಲಿ ಯಾರಿಗೆ ಏನಿತ್ತು ಎಂದು ಎರಡು ಕಡೆಯವರಿಗೂ ಮೊದಲೇ ಗೊತ್ತಿತ್ತು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ನಾನು ಡಾಕ್ಟರ ಹಿಂದೆ ಬಿದ್ದು, ಕಾರಿಡಾರಿನ ಮೇಜನ್ನು ತೆಗೆಸಿ, ಹಾಸು ಹೊದಿಕೆಯ ಲಿನನ್ ಇಡುತ್ತಿದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿದೆ. ಮೇಟ್ರನ್ ಆರು ತಿಂಗಳು ನನ್ನೊಡನೆ ಮಾತು ಬಿಟ್ಟರು. ಬಿಡಲಿ ಎಂದು ಸುಮ್ಮನಿದ್ದೆ. ಆಮೇಲಿನಿಂದ ಬಾಗಿಲು ಮುಚ್ಚಿಕೊಂಡೇ ಕೇಳಿದೆ: ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಸತ್ತವರು ಹೇಗೆ ಸತ್ತರು, ಸೊಸೆಯರಿಗೇನಾಗಿತ್ತು. ಇಂದಿನ ಡಾಕ್ಟರುಗಳೂ ಹೆಚ್ಚುಕಡಿಮೆ ಡಾಕ್ಟರ್ ಮಾಧವಯ್ಯ ಅಂದದ್ದನ್ನೇ ಹೇಳುತ್ತಾರೆ. ಈ ಕಾಯಿಲೆ ಬಹುಪಾಲು ವಂಶದಿಂದ ಬರುವುದಲ್ಲ. ಅಪರೂಪದ ಕೆಲವು ಮನೆತನಗಳಿವೆ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬಂದಿದ್ದರೆ ಉಳಿದವರು ಹೆದರಬೇಕಾಗಿಲ್ಲ, ಆದರೆ ನುಂಗಲು ತೊಡಕಾದರೆ ಒಂದು ದಿನವೂ ತಡಮಾಡಬಾರದು. ಇದನ್ನು ರೋಗಿಗೆ ಹೇಳುವಾಗ ನಿಮ್ಮ ದನಿ ನಿಮ್ಮಿಬ್ಬರಿಂದ ಆಚೆ ಹೋಗಕೂಡದು.

ತಿಮ್ಮಣ್ಣ ಎಂಟು ವರ್ಷ ಬದುಕಿದ. ಆ ಎಂಟು ವರ್ಷ ಅವನು ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ತುತ್ತು ನಿಂತರೂ ಹುಡುಕಿ, ಬೈದು, ಕೆಲವರನ್ನು ತೋಳು ಹಿಡಿದು ನಮ್ಮಲ್ಲಿಗೆ ಕರೆತರುತ್ತಿದ್ದ. ನಾಚಿಕೊಳ್ಳುವವರ ಮುಂದೆ ಅಂಗಿ ಬಿಚ್ಚಿ ಎದೆಯ ಕಪ್ಪು ಕಲೆ ತೋರಿಸುತ್ತಿದ್ದ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಸೋಮವಾರ ಬೆಳಿಗ್ಗೆ ಜಯಮ್ಮ ಬಂದಳು. ಕಂಕುಳಲ್ಲಿ ಮಗಳು. ಅಳುತ್ತಿರಲಿಲ್ಲ, ಆದರೆ ಅತ್ತ ಮುಖ.

“ಚಿಕ್ಕಪ್ಪ ಓಗ್ಬಿಡ್ತು ನರ್ಸಮ್ಮ. ನೆನ್ನೆ ಹನ್ನೊಂದ್ನೇ ದಿನದ ಕಾರ್ಯ ಮುಗೀತು.”

“ಮತ್ತೆ ಬಂತಾ? ಯಾಕೆ ಹೇಳಿ ಕಳಿಸ್ಲಿಲ್ಲ?”

“ಅದಲ್ಲ. ಉಣಿಸೆ ಮರ ಅತ್ತಿ ಕೊಂಬೆ ಬಡೀತಿತ್ತು. ಬ್ಯಾಡ ಅಂದ್ರೂ ಕೇಳ್ಲಿಲ್ಲ. ಬಿದ್ದು ತಲೆಗೆ ಏಟಾಯ್ತು. ಅವತ್ ಬೆಳಿಗ್ಗೆ ಎಲ್ಡ್ ಮುದ್ದೆ ತಿಂದು ಓಗಿತ್ತು.”

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವಳ ತುಟಿಯ ಅಂಚಿನಲ್ಲಿ ಏನೋ ಬಂತು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ, ನನ್ನದೂ ತಿಳಿಯಲಿಲ್ಲ. ಐವತ್ತರ ಮನುಷ್ಯ ಮರ ಹತ್ತುವಷ್ಟು ಗಟ್ಟಿಯಾಗಿದ್ದ.

ಆಮೇಲೆ ಜಯಮ್ಮ ಪಕ್ಕಕ್ಕೆ ಸರಿದಳು. ಅವಳ ಹಿಂದೆ ಸೆರಗನ್ನು ಬಾಯಿಗೊತ್ತಿಕೊಂಡ ಒಬ್ಬ ಹೆಂಗಸು ನಿಂತಿದ್ದಳು.

“ಇವ್ರು ನಮ್ಮೂರ ಕುಂಬಾರಮ್ಮ. ಬೀಳೋಕ್ ಮುಂಚೆ ಎಲ್ಡ್ ವಾರ ಚಿಕ್ಕಪ್ಪ ಇವ್ರ ಹಿಂದೆ ಬಿದ್ದಿತ್ತು, ಬಾ ಬಾ ಅಂತ. ಅದು ಓಯ್ತು. ಅದಕ್ಕೆ ನಾನ್ ಕರ್ಕೊಂಬಂದೆ.”

ಹೆಂಗಸು ಹಿಂಜರಿದಳು. ಜಯಮ್ಮ ಮಗುವನ್ನು ಇ‌ನ್ನೊಂದು ಕಂಕುಳಿಗೆ ಬದಲಾಯಿಸಿ, ಅವಳ ಬೆನ್ನಿನ ಮೇಲೆ ಕೈಯಿಟ್ಟು ಒಳಕ್ಕೆ ನೂಕಿದಳು. ನಾನು ಅವಳ ಕೈ ಹಿಡಿದು ಕರೆದುಕೊಂಡೆ.